ನೀನು ಹೆಣೆದ ಕೆಂಪು ಮಫ್ಲರ್

ಪ್ರೀತಿಯ ಅಕ್ಕ,

ಮಿಸ್ಸೂರಿಯ ಈ ಗುಡ್ಡಗಾಡಿಗೆ ಬಂದಾಗಿನಿಂದ ನೆಗಡಿ, ಮೈಯೆಲ್ಲ ಸೋತುಹೋಗಿದೆ. ಆದರೂ ನಸುಕಿನಲ್ಲೇ ಮಾವ ನನ್ನನ್ನು ಬೇಟೆಗೆ ಎಳೆದುಕೊಂಡು ಹೋದರು. ಕಾಡು ಟರ್ಕಿ ಕೋಳಿಯ ಹುಂಜವನ್ನು ಕಡೆಗೂ ನೋಡಿದೆ. ತೂಕ ನಮ್ಮ ಫಾರಂನ ಬಿಳಿ ಟರ್ಕಿಯ ಅರ್ಧದಷ್ಟಿರಬಹುದು, ಆದರೆ ಕತ್ತೆತ್ತಿದರೆ ನನ್ನ ಸೊಂಟದೆತ್ತರ. ಗರಿಗಳಿಗೆ ಉಜ್ಜಿದ ತಾಮ್ರದ ಹೊಳಪು, ಎದೆಯಿಂದ ಜೋಲುವ ಕುದುರೆಗೂದಲಿನಂಥ ಗಡ್ಡ, ಬೋಳುತಲೆಯಲ್ಲಿ ಕೆಂಪು, ಬಿಳಿ, ನೀಲಿ.

ಮಾವ ಹೇಂಟೆಯ ದನಿ ತೆಗೆದು ಅದನ್ನು ಕರೆಯುತ್ತಿದ್ದರು. ಚಳಿ ತಡೆಯದೆ ನಾನು ನಿನ್ನ ಮಫ್ಲರ್ ತೆಗೆದು ಕತ್ತಿಗೆ ಸುತ್ತಿಕೊಂಡೆ. ಮಾವ ನನ್ನನ್ನು ಕೆಸರಿಗೆ ಕೆಡವಿದರು.

"ತೆಗೆಯೋ ಅದನ್ನ! ದೂರದಿಂದ ನೋಡೋನಿಗೆ ಅದು ಹುಂಜದ ತಲೆ ಕಣೋ!"

ಎದುರಿನ ಪೊದೆಯಿಂದ ಪಕ್ಕದ ಮನೆಯ ಡೆನ್ಸಿಲ್ ಎದ್ದ. ಮಾವನ ಕೂಗನ್ನು ನಿಜವಾದ ಹೇಂಟೆಯದೆಂದು ನಂಬಿ ತೆವಳಿಕೊಂಡು ಬಂದಿದ್ದನಂತೆ. ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ.

"ಗುಂಡು ಹಾರಿಸೋದೊಂದೇ ಬಾಕಿ ಇತ್ತಪ್ಪಾ," ಎಂದ.

ಹುಂಜ ಯಾವಾಗಲೋ ಹಾರಿಹೋಗಿತ್ತು.

ಮಫ್ಲರ್ ಬೆಚ್ಚಗಿದೆ, ಇನ್ನು ಮನೆಯೊಳಗೆ ಮಾತ್ರ ಹಾಕುತ್ತೇನೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮನಿಗೆ ನೆಗಡಿಯ ವಿಷಯವಷ್ಟೇ ಹೇಳಿ, ಈ ಕಾರ್ಡನ್ನು ಒಲೆಗೆ ಹಾಕಿಬಿಡು.

ನಿನ್ನ ತಮ್ಮ,
ಆರ್ಲಿಸ್