ಬೀಗ ಹಾಕದ ಜೈಲು

೧೭ ಜನವರಿ ೧೯೩೩, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಕೆಲಸ, ಮನೆ ಎರಡೂ ಇಲ್ಲದ ಎಮೆಟ್ ಬೆಳಿಗ್ಗೆ ಬೇಕರಿಯ ಕಿಟಕಿಗೆ ಕಲ್ಲು ಬೀಸಿ, ಓಡದೆ ಅಲ್ಲೇ ನಿಂತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ, ಹಿಮ ಬಿತ್ತೆಂದರೆ ಮನೆಯಿಲ್ಲದವರು ಮಾಡುವುದೇ ಇದನ್ನು. ಜೈಲಿನಲ್ಲಿ ಒಲೆಯಾದರೂ ಇದೆಯಲ್ಲ. ನನ್ನ ಗಂಡ ಆರ್ವಿಲ್ ಅವನನ್ನು ಹಿಡಿದು ತಂದ. ಕೈದಿಗಳ ಅಡುಗೆ ನನ್ನದು; ಪೊಲೀಸನ ಹೆಂಡತಿ ಅಂದಮೇಲೆ ಅಷ್ಟೇ.

"ಇವತ್ತೂ ಬೀನ್ಸೇನಾ ತಾಯೀ?" ಎಂದು ಎಮೆಟ್ ಹಲ್ಲು ಕಿರಿದ.

"ಕಿಟಕಿ ಒಡೆದೋನಿಗೆ ಕೋಳಿ ಬೇರೆ ಬೇಕಾ?" ಎಂದೆ. ಇಬ್ಬರೂ ನಕ್ಕೆವು.

ಸಂಜೆ ನಗರಸಭೆ ಸೇರಿತು. ಜೈಲಿನ ಸೂರು ಸೋರುತ್ತದೆ, ಹಾಸಿಗೆಯ ತುಂಬ ತಿಗಣೆ ಎಂದು ಆರ್ವಿಲ್ ಮಳೆಗಾಲದಲ್ಲಿ ಗೋಗರೆದಾಗ, "ಜೈಲು ಅಂದ್ರೆ ಹಾಗೇ ಇರ್ಬೇಕು ಕಣಯ್ಯಾ" ಎಂದಿದ್ದವನು ಮೇಯರ್ ಥರ್ಲೋ. ಇವತ್ತು ಅವನೇ ಮೇಜು ಗುದ್ದಿದನಂತೆ: "ಜೈಲು ಈ ಸೋಮಾರಿಗಳಿಗೆ ಹೋಟೆಲ್ ಆಗ್ಬಿಟ್ಟಿದೆ! ಊರಾಚೆ ಬಿಟ್ಟು ಬಾ ಅವನನ್ನ!" ಸದಸ್ಯರೆಲ್ಲ ಕೈ ಎತ್ತಿದರಂತೆ. ಭಾನುವಾರ ಚರ್ಚಿನಲ್ಲಿ ಜೋಡಿಸುವ ಅದೇ ಕೈಗಳು.

ಆರ್ವಿಲ್ ಎಮೆಟ್‌ನನ್ನು ಸೇತುವೆಯಾಚೆ ಬಿಟ್ಟು, ನಡುಗುತ್ತ ಬಂದ. ಮೈಮೇಲೆ ಕೋಟು ಇರಲಿಲ್ಲ.

"ಅವನಿಗೆ ಕೊಟ್ಟುಬಿಟ್ಟೆಯಾ?" ಎಂದೆ.

"ಹೂಂ."

"ಏನಂದ?"

"'ಇನ್ನೊಂದು ಕಿಟಕಿನೂ ಒಡೀಬೇಕಿತ್ತಾ ಸಾರ್?' ಅಂತ ಕೇಳ್ದ."

ಆರ್ವಿಲ್ ಊಟ ಮುಟ್ಟಲಿಲ್ಲ. ಹಿಮ ಇನ್ನೂ ಬೀಳುತ್ತಿದೆ. ಜೈಲಿನ ಒಲೆಗೆ ಮತ್ತಷ್ಟು ಸೌದೆ ಒಟ್ಟಿ ಬಂದಿದ್ದೇನೆ, ಬೀನ್ಸ್ ಅದರ ಮೇಲೇ ಇದೆ. ಬಾಗಿಲಿಗೆ ಬೀಗ ಹಾಕಿಲ್ಲ. ಈ ಕತ್ತಲಲ್ಲಿ ಅವನಿಗೆ ಸೇತುವೆ ಕಂಡರೆ ಸಾಕು, ದಾಟಿ ವಾಪಸ್ ಬಂದಾನು.