ಅಳಿಸಿಹೋದ ಜೋಡಿಚುಕ್ಕೆಗಳು

ಅಕ್ಟೋಬರ್ ೧೧, ಶುಕ್ರವಾರ. ಕೊಯಮತ್ತೂರು. ಆಯುಧಪೂಜೆ.

ನನ್ನ ಕೈ ಸುಮ್ಮನಿರಬಾರದಿತ್ತೇ! ನಮ್ಮ ಕಾಲೇಜು ರೋಬೋಟಿನ ಚಕ್ರಗಳಿಗೆ ನಾವೇ ಮಾಡಿದ ಬೆವೆಲ್ ಗೇರುಗಳು ಪೂಜೆಗೆ ಮಿರುಗಲಿ ಎಂದು ಬಣ್ಣ ಕರಗಿಸುವ ಥಿನ್ನರಿನಲ್ಲಿ ತೊಳೆದುಬಿಟ್ಟೆ. ಹಲ್ಲಿಗೆ ಹಲ್ಲು ಸರಿಯಾಗಿ ಕೂರಲೆಂದು ಜೋಡಿಜೋಡಿಯಾಗಿ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾರವಿಡೀ ತಿರುಗಿಸಿದ್ದೆವು. ಯಾವುದಕ್ಕೆ ಯಾವುದು ಎಂದು ತಿಳಿಯಲು ನಮ್ಮ ತಂಡದ ಕಯಲ್ ಜೋಡಿಗೊಂದು ಬಣ್ಣದ ನೈಲ್‌ಪಾಲಿಶ್ ಚುಕ್ಕೆ ಇಟ್ಟಿದ್ದಳು. ಒಂದೂ ಉಳಿದಿಲ್ಲ.

"ಏನ್ ಫಳಫಳ ಅಂತಾವೆ ಕಣೇ! ನಿನ್ ಕೈಗೆ ಬಂಗಾರದ ಬಳೆ ಹಾಕ್ಸ್‌ಬೇಕು," ಅಂದಳು ಅವಳೇ. ನಾನು ಹಲ್ಲು ಕಿರಿದೆ.

ತಿರುಗಿಸಿ ನೋಡಿ ಜೋಡಿ ಹುಡುಕೋಣವೆಂದರೆ ಎಲ್ಲವೂ ದೇವರ ಮುಂದಿವೆ. ಒಂದಕ್ಕೆ ಕೈ ಹಾಕಿದ್ದಕ್ಕೇ ಕ್ಯಾಪ್ಟನ್ ಮುಗಿಲನ್ ರೇಗಿದ.

"ನಾಳೆ ಮರುಪೂಜೆ ಆಗೋವರ್ಗೂ ಮುಟ್ಟಂಗಿಲ್ಲ ಅಂತ ಗೊತ್ತಿಲ್ವಾ? ಆಮೇಲೆ ಜೋಡ್ಸೋದು, ಸ್ಪರ್ಧೆಗೆ ಬಸ್ ಹತ್ತೋದು, ಅಷ್ಟೇ ತಾನೇ?"

"ಅಷ್ಟೇ," ಅಂದೆ. ಆಗಲೇ ಹೇಳಿಬಿಡಬೇಕಿತ್ತು. ಈಗ ಯಾವ ಬಾಯಲ್ಲಿ ಹೇಳಲಿ? ಜೋಡಿ ತಪ್ಪಿದರೆ ಸ್ಪರ್ಧೆಯ ಅಂಗಳದಲ್ಲೇ ಗೇರು ಕಚ್ಚಿಕೊಂಡು ರೋಬೋಟು ನಿಲ್ಲುತ್ತದೆ.

ಕಣ್ಣು ಮುಚ್ಚಿದರೆ ಆ ಗೇರುಗಳೇ ಕಾಣುತ್ತವೆ. ಮಂಗಳಾರತಿಯಾದ ಮೇಲೆ ಕಯಲ್ ಪ್ರತಿ ಗೇರಿಗೂ ಭಕ್ತಿಯಿಂದ ಒಂದೊಂದು ಚುಕ್ಕೆ ಇಟ್ಟಳು. ಎಲ್ಲವೂ ಕುಂಕುಮದ್ದೇ. ಎಲ್ಲವೂ ಕೆಂಪು.