ಎದುರಾಳಿ ಯೋಚಿಸುತ್ತಿದ್ದಾರೆ

ಜೂನ್ ೧೧, ಗುರುವಾರ

ನನ್ನ ಚಿನಕುರುಳಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿದ್ದೇನೆ ಎಂದು ನೀನು ಸುಳ್ಳು ಹೇಳುವುದೂ ಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನಿನಗೆ ಮೀಟಿಂಗ್ ಶುರುವಾಗುತ್ತದೆ. ಅದಕ್ಕೇ ಬರೆಯಲು ಕೂತೆ.

ಅಪ್ಪ ಈಗ ಹಾಸಿಗೆ ಬಿಟ್ಟು ಕಿಟಕಿಯವರೆಗೂ ಬರುವುದಿಲ್ಲ. ಉಸಿರು ಸಾಲದು. ಮೂಗಿನಲ್ಲಿ ಕೊಳವೆ, ಎದೆಯ ಮೇಲೆ ಫೋನು. ಡಾಕ್ಟರು ಬಂದರೂ ತಿರುಗಿ ನೋಡದವರು ಫೋನು ಮಿಣುಕಿದರೆ ಕನ್ನಡಕ ಹುಡುಕುತ್ತಾರೆ. ಅಮ್ಮನ ಚಿಕಿತ್ಸೆಯನ್ನು ಅಪ್ಪ ನಿಲ್ಲಿಸಿದ ದಿನ ನೀನೂ ಅವರೂ ಮಾತು ಬಿಟ್ಟಿರಿ. ಆಮೇಲೆ ನಿಮ್ಮ ನಡುವೆ ಉಳಿದದ್ದು ಫೋನಿನಲ್ಲಿ ಆಡುವ, ನೀನು ಕೆಲಸ ಮಾಡುವ ಕಂಪನಿಯ ಆ ಯುದ್ಧದ ಆಟ ಒಂದೇ. ಅವರದೊಂದು ನಡೆ, ನಿನ್ನದೊಂದು ನಡೆ. ನೀನು ಅವರ ಕುದುರೆ ಹೊಡೆದ ದಿನ ಅಪ್ಪ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು. ಹೊಟ್ಟೆಕಿಚ್ಚಿಗೆ ನಾನು ಪಾತ್ರೆ ಕುಕ್ಕುತ್ತಿದ್ದೆ, ಅದು ಬೇರೆ ಮಾತು.

ಈಗ ತಿಂಗಳಾಯಿತು, ಪರದೆಯ ಮೇಲೆ 'ಎದುರಾಳಿ ಯೋಚಿಸುತ್ತಿದ್ದಾರೆ' ಎಂದೇ ಇದೆ. ನಿನ್ನ ಫೋನಿನಲ್ಲೂ ಹಾಗೇ ಇದೆ, ಅದು ಆಟದ ದೋಷ, ಆಫೀಸಿನಲ್ಲಿ ಎಲ್ಲರಿಗೂ ಗೊತ್ತು, ಹೊರಗೆ ಹೇಳುವ ಹಾಗಿಲ್ಲ ಎಂದು ನೀನು ನನಗೆ ಹೇಳಿದೆ. ನೀನು ಹೀಗೆಂದೆ ಎಂದು ನಾನು ಅಪ್ಪನಿಗೆ ಹೇಳಿದೆ. ಅವರು ನಂಬಲಿಲ್ಲ.

ಅವರ ಸ್ವಭಾವ ನಿನಗೆ ಗೊತ್ತಲ್ಲ. ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವರು. ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆಯುವ ಮೊದಲು ಪ್ರತಿ ಮಹಡಿಯಲ್ಲೂ 'ಕೆಟ್ಟಿದೆ' ಎಂದು ಬೋರ್ಡು ತಗುಲಿಹಾಕುತ್ತಿದ್ದರು. ಕೆಟ್ಟದ್ದಕ್ಕೆ ಬೋರ್ಡು ಹಾಕದವರೂ ಇರುತ್ತಾರೆ ಎಂಬುದು ಅವರ ತಲೆಗೇ ಹೋಗುವುದಿಲ್ಲ. ಕಂಪನಿಗೇ ಬರೆದು ಕೇಳಿದರು. ದೋಷವೋ, ಎದುರಿನವರು ಬಿಟ್ಟುಹೋದರೋ, ಅಷ್ಟು ಹೇಳಿದರೆ ಸಾಕು ಎಂದರು. 'ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆ, ನಿಮ್ಮ ತಾಳ್ಮೆಗೆ ಧನ್ಯವಾದ' ಎಂದು ಉತ್ತರ ಬಂತು. ಅದನ್ನು ನನಗೆ ತೋರಿಸಿ ಅಪ್ಪ ಹೇಳಿದರು: "ಒಂದೋ ಕಂಪನಿ ಸುಳ್ಳು ಹೇಳ್ತಿದೆ, ಇಲ್ಲಾ ನಿನ್ನ ತಂಗಿ. ಕಂಪನಿಗೆ ನನ್ನ ಮೇಲೆ ಯಾಕಮ್ಮ ಕೋಪ ಇರುತ್ತೆ?"

ಆಟಗಾರರಿಗೆಲ್ಲ ಉತ್ತರ ಬರೆಯುವುದು ನೀನೇ ಎಂದು ನಾನು ಅವರಿಗೆ ಹೇಳಿಲ್ಲ. ಹೇಳಲು ಬಾಯಿ ಬರಲಿಲ್ಲ.

ಆ ಆಟ ಆಡುವವರದೊಂದು ಆನ್‌ಲೈನ್ ಗುಂಪಿದೆ, ಅಲ್ಲಿ ಬರೆದದ್ದನ್ನೆಲ್ಲ ಕೂತು ಓದಿದೆ. ನಾಳೆಯೇ ಸರಿಮಾಡಿ ಎಂದು ಯಾರೂ ಹಟ ಹಿಡಿದಿಲ್ಲ ಕಣೇ. ಏನು ಕೆಟ್ಟಿದೆ, ಯಾವ ಆಟ ಉಳಿಯುತ್ತದೆ, ಯಾವುದು ಹೋಗುತ್ತದೆ, ಬಾಯಿಬಿಟ್ಟು ಹೇಳಿ ಎನ್ನುತ್ತಾರೆ, ಅಷ್ಟೇ. ಒಬ್ಬಳು, ನಡೆ ಬರದ್ದಕ್ಕೆ ಗೆಳತಿ ಮುನಿಸಿಕೊಂಡಳೆಂದುಕೊಂಡು ತಾನೂ ಮುನಿಸಿಕೊಂಡು ಕೂತಿದ್ದಳಂತೆ. ಅವಳಿಗೂ ನಿನ್ನ ಅದೇ ಧನ್ಯವಾದ ಹೋಗಿದೆ. ಓದಿ ಮೈಯೆಲ್ಲ ಉರಿಯಿತು. ಕೆಲಸ ಹೋದೀತೆಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ, ಆದರೂ ಉರಿಯಿತು.

ಆಫೀಸಿನವರನ್ನು ಒಪ್ಪಿಸಿ, ಕೆಟ್ಟಿದೆ ಎಂದು ಒಂದು ಸಾಲು ಹಾಕಿಸು. ಆಗದಿದ್ದರೆ ನೀನೇ ಅಪ್ಪನಿಗೆ ಫೋನು ಮಾಡಿ, ಆ ಉತ್ತರ ಬರೆದದ್ದು ನಾನೇ ಎನ್ನು. ಬೈಯುತ್ತಾರೆ, ಬೈಸಿಕೊ. ಬೈಯಲು ಅವರಲ್ಲಿ ಉಸಿರಿರುವಾಗಲೇ ಮಾಡು. ನಿಮ್ಮಿಬ್ಬರ ನಡುವೆ ಮಾತು ಸಾಗಿಸಿ ನನಗೂ ಸಾಕಾಗಿದೆ.

ಸಿಟ್ಟೂ ಇಳಿಯದ, ಅಕ್ಕರೆಯೂ ಬಿಡದ
ನಿನ್ನ ಅಕ್ಕ

ತಾ.ಕ.: ಇದನ್ನು ಕಳಿಸುವಷ್ಟರಲ್ಲಿ ಅಪ್ಪ ಕರೆದರು. ಆಟಕ್ಕೆ ಅಪ್‌ಡೇಟ್ ಬಂದಿದೆ. 'ಕೆಲವು ಸಣ್ಣಪುಟ್ಟ ಸುಧಾರಣೆಗಳು' ಎಂದಷ್ಟೇ ಬರೆದಿದ್ದೀರಿ. ನಿಂತುಹೋಗಿದ್ದ ಆಟಗಳನ್ನೆಲ್ಲ ಹೇಳದೆ ಕೇಳದೆ ಮುಗಿಸಿಬಿಟ್ಟಿದ್ದೀರಿ. ಅಪ್ಪನ ಪರದೆಯ ಮೇಲೆ 'ಎದುರಾಳಿ ಆಟ ಬಿಟ್ಟು ಹೋಗಿದ್ದಾರೆ, ಗೆಲುವು ನಿಮ್ಮದು' ಎಂದು ಬಂದು ಬಣ್ಣದ ಚೂರುಗಳು ಉದುರುತ್ತಿದ್ದವು. ಅವರು ಕೊನೆಯವರೆಗೂ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟು, "ಇದನ್ನ ಇನ್ನು ಚಾರ್ಜಿಗೆ ಹಾಕ್ಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.